ಪಿಚಕಾರಿಗೂ ಒಂದು ಕಟ್ಟಳೆ ಬೇಕು

ರಂಗಪಂಚಮಿ ಸಮೀಪಿಸಿತೆಂದರೆ ನಮ್ಮ ಶಾಲೆಗೆ ಎರಡು ಬಗೆಯ ಬೇಡಿಕೆಗಳು ಬರುತ್ತವೆ. ಮೈದಾನದಲ್ಲಿ ಬಣ್ಣವಾಡಲು ಅಪ್ಪಣೆ ಕೊಡಬೇಕೆಂಬುದು ವಿದ್ಯಾರ್ಥಿಗಳ ಬೇಡಿಕೆ. ಶಾಲೆಯ ಆವಾರದಲ್ಲಿ ಒಂದು ಹನಿ ಬಣ್ಣವೂ ಬೀಳಕೂಡದು, ಬೇಕಾದರೆ ಅಂದು ಒಂದು ಚಾಚಣಿ ಪರೀಕ್ಷೆ ಇಟ್ಟುಬಿಡಿರೆಂಬುದು ಪಾಲಕರ ಬೇಡಿಕೆ. ಪಾಲಕರ ಭಯ ಸುಳ್ಳಲ್ಲ, ಮಕ್ಕಳ ಆಸೆಯೂ ತಪ್ಪಲ್ಲ. ಬಣ್ಣದಾಟವನ್ನು ನಿಲ್ಲಿಸುವದು ಬೇಡ, ಅದನ್ನು ಹುತುತೂ, ಖೋಖೋಗಳಂತೆ ಪಂಗಡ ಕಟ್ಟಿಕೊಂಡು, ಪಂಚರನ್ನಿಟ್ಟುಕೊಂಡು ಆಡುವ ಆಟವನ್ನಾಗಿ ಮಾಡೋಣ ಎಂಬುದು ನಮ್ಮ ಅಭಿಪ್ರಾಯ. ಆದರೆ ಹಾಗೆ ಮಾಡುವದಿದ್ದರೆ ಎಲ್ಲಕ್ಕೂ ಮೊದಲು ಒಂದು ಮಾತು ನಿರ್ಣಯವಾಗಬೇಕು: ಕೈಯಲ್ಲಿ ಹಿಡಿಯುವ ಪಿಚಕಾರಿ ಎಂಥದು?

ಈಗ ನಡೆಯುತ್ತಿರುವದನ್ನು ನೋಡಿರಿ. ಒಬ್ಬ ಹುಡುಗ ಪೇಟೆಯಿಂದ ಬೆನ್ನಿಗೆ ಟಾಕಿ ಕಟ್ಟುವ ದೊಡ್ಡ ಬಂದೂಕು ತರುತ್ತಾನೆ. ಅದರ ಬೆಲೆ ಒಬ್ಬ ಕೂಲಿಕಾರನ ದಿನದ ಪಗಾರವನ್ನು ಮೀರಿಸುತ್ತದೆ. ಇನ್ನೊಬ್ಬನ ಕೈಯಲ್ಲಿ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದ ಖಾಲಿ ಬಾಟಲಿ. ಮೊದಲನೆಯವನು ದೂರ ನಿಂತು ಹೊಡೆಯುತ್ತಾನೆ, ಎರಡನೆಯವನು ತೋಯಿಸಿಕೊಳ್ಳುತ್ತಾನೆ. ತೋಯಿಸಿಕೊಂಡವನು ನಗುತ್ತಲೇ ಇರುತ್ತಾನೆ, ಏಕೆಂದರೆ ಹಬ್ಬದ ದಿನ ಅಳುವದು ಅವಮಾನ. ಆದರೆ ಅವನಿಗೆ ಗೆಲ್ಲುವ ದಾರಿಯೇ ಇಲ್ಲವೆಂಬುದು ಇಬ್ಬರಿಗೂ ಗೊತ್ತು. ಇದಕ್ಕೆ ಆಟವೆಂದು ಹೆಸರಿಡಲು ನಮ್ಮ ಮನಸ್ಸು ಒಪ್ಪುವದಿಲ್ಲ. ಅಪ್ಪನ ಕಿಸೆಯ ಅಳತೆಯನ್ನು ಮಕ್ಕಳು ಬೀದಿಯಲ್ಲಿ ನಿಂತು ತೋರಿಸಿದಂತಾಗುತ್ತದೆ, ಅಷ್ಟೇ.

ನಮ್ಮ ಹುಡುಗರಿಗೆ ಕ್ರಿಕೆಟ್ ಎಂದರೆ ಪ್ರಾಣ, ಆದುದರಿಂದ ಆ ಆಟದ್ದೇ ಒಂದು ಕಥೆ ಹೇಳುತ್ತೇವೆ. 1771ನೆಯ ಇಸವಿಯ ಸೆಪ್ಟೆಂಬರದಲ್ಲಿ ಇಂಗ್ಲಂಡದ ಚರ್ಟ್ಸಿ ಮತ್ತು ಹ್ಯಾಂಬಲ್ಡನ್ ಪಂಗಡಗಳ ನಡುವೆ ಪಂದ್ಯವಿತ್ತು. ಚರ್ಟ್ಸಿಯ ಪಂಗಡದ ವೈಟ್ ಎಂಬವನು ವಿಕೆಟ್ಟಿನಷ್ಟೇ ಅಗಲವಾದ ಬ್ಯಾಟನ್ನು ಹಿಡಿದು ಬಂದು ನಿಂತನು. ಚೆಂಡು ವಿಕೆಟ್ಟಿಗೆ ಬಡಿಯುವದಾದರೂ ಹೇಗೆ? ಅವನು ಮಾಡಿದ್ದು ಕಟ್ಟಳೆಗೆ ವಿರುದ್ಧವಾಗಿರಲಿಲ್ಲ, ಏಕೆಂದರೆ ಅಂಥ ಕಟ್ಟಳೆಯೇ ಇರಲಿಲ್ಲ. ಹ್ಯಾಂಬಲ್ಡನ್ನಿನ ಆಟಗಾರರು ತಕರಾರು ಮಾಡಿದರು. ಬ್ಯಾಟಿನ ಅಗಲ ನಾಲ್ಕೂಕಾಲು ಅಂಗುಲ ಮೀರಬಾರದೆಂದು ಗೊತ್ತಾಯಿತು, 1774ರ ನಿಯಮಾವಳಿಯಲ್ಲಿ ಅದು ಸೇರಿತು. ಎರಡೂವರೆ ಶತಮಾನ ಕಳೆದರೂ ಆ ನಾಲ್ಕೂಕಾಲು ಅಂಗುಲ ಕದಲಿಲ್ಲ. ಮುಂದೆ 1979ರ ಡಿಸೆಂಬರದಲ್ಲಿ ಆಸ್ಟ್ರೇಲಿಯದ ಡೆನಿಸ್ ಲಿಲಿ ಪರ್ಥ್ ಮೈದಾನಕ್ಕೆ ಅಲ್ಯುಮಿನಿಯಮ್ ಬ್ಯಾಟು ತಂದನು. ಆಗಲೂ ಜಗಳವಾಯಿತು, ಬ್ಯಾಟಿನ ಅಲಗು ಕಟ್ಟಿಗೆಯದೇ ಆಗಿರಬೇಕೆಂದು ಮರುವರುಷ ಕಟ್ಟಳೆಯಾಯಿತು. ಆಟಗಾರನ ತೋಳು ಎಷ್ಟೇ ಬಲವಾಗಿರಲಿ, ಅದಕ್ಕೆ ಯಾರೂ ಮಿತಿ ಹಾಕಲಿಲ್ಲ, ಸಲಕರಣೆಗೆ ಮಾತ್ರ ಹಾಕಿದರು.

ಇನ್ನೊಂದು ಉದಾಹರಣೆ ಭರ್ಚಿ ಎಸೆತದ್ದು. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ದೂರ ಎಸೆದನು. ಹೀಗೆಯೇ ಹೋದರೆ ಭರ್ಚಿ ಮೈದಾನ ದಾಟಿ ಜನರ ಮೇಲೆ ಬಿದ್ದೀತೆಂಬ ಅಂಜಿಕೆ ಹುಟ್ಟಿ, 1986ರಿಂದ ಗಂಡಸರ ಭರ್ಚಿಯ ಗುರುತ್ವಕೇಂದ್ರವನ್ನು ನಾಲ್ಕು ಸೆಂಟಿಮೀಟರ್ ಮುಂದಕ್ಕೆ ಸರಿಸಿದರು. ನಮ್ಮ ನೀರಜ ಚೋಪ್ರಾ 2021ರಲ್ಲಿ ಟೋಕಿಯೋದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದದ್ದು ಈ ಹೊಸ ಭರ್ಚಿಯಿಂದ. ಅವನ ಕೀರ್ತಿ ಅದರಿಂದ ಕಡಿಮೆಯಾಯಿತೆಂದು ಯಾರಾದರೂ ಅಂದಾರೇ?

ಪಿಚಕಾರಿ ಹೊಸ ವಸ್ತುವಲ್ಲ. ರಘುವಂಶದ ಹದಿನಾರನೆಯ ಸರ್ಗದಲ್ಲಿ ಕುಶನ ಜಲಕ್ರೀಡೆಯ ವರ್ಣನೆಯಿದೆ, ಅಲ್ಲಿ ಬಣ್ಣದ ನೀರು ಚಿಮ್ಮುವದು ಬಂಗಾರದ ಕೊಂಬುಗಳಿಂದ. ಜಲಕ್ರೀಡೆಯಿಲ್ಲದೆ ಮಹಾಕಾವ್ಯ ಪೂರ್ಣವಾಗದೆಂದು ನಮ್ಮ ಹಿಂದಿನ ಕವಿಗಳು ತಿಳಿದಿದ್ದರು. ಹಳಗನ್ನಡದಲ್ಲಿ ಈ ಸಾಧನಕ್ಕೆ ‘ಜೀರ್ಕೊಳವಿ’ ಎಂಬ ಸೊಗಸಾದ ಹೆಸರಿದೆ. ಹೆಸರು ಹೇಳಿದರೆ ಸಾಕು, ನೀರು ಚಿಮ್ಮಿದ ಸಪ್ಪಳ ಕಿವಿಗೆ ಬೀಳುತ್ತದೆ. ನಾವು ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ ಕಲಿತು ಬಂದವರು. ಪಿಚಕಾರಿ ಎಂಬ ಮಾತನ್ನು ಬಿಟ್ಟುಕೊಡಿರೆಂದು ಯಾರಿಗೂ ಹೇಳುವದಿಲ್ಲ. ಆದರೆ ನಮ್ಮ ಭಾಷೆಯಲ್ಲಿ ಇಂಥ ಶಬ್ದವೊಂದು ಉಪಯೋಗವಿಲ್ಲದೆ ಬಿದ್ದಿದೆಯೆಂದು ಮಕ್ಕಳು ತಿಳಿದಿರಲಿ.

ಪೇಟೆಯಲ್ಲಿ ಈಗ ಸಿಗುವ, ಹಿಡಿಕೆಯನ್ನು ಹಿಂದೆಮುಂದೆ ಒತ್ತಿ ಗಾಳಿ ತುಂಬುವ ಬಂದೂಕಿನ ಮೂಲ ಬೇರೆ. ಅಮೇರಿಕೆಯ ಲಾನಿ ಜಾನ್ಸನ್ ಎಂಬ ಎಂಜಿನಿಯರರು 1982ರಲ್ಲಿ ಬೇರೊಂದು ಯಂತ್ರದ ಪ್ರಯೋಗ ಮಾಡುತ್ತಿದ್ದಾಗ ಬಚ್ಚಲಮನೆಯಲ್ಲಿ ನೀರು ರಭಸದಿಂದ ಚಿಮ್ಮಿದ್ದನ್ನು ಕಂಡು ಅದನ್ನು ಕಲ್ಪಿಸಿದರು. 1990ರಲ್ಲಿ ಅದು ಮಾರಾಟಕ್ಕೆ ಬಂತು. ಗುರುಗ್ರಹಕ್ಕೆ ಹೋದ ಗೆಲಿಲಿಯೋ ನೌಕೆಯ ಕೆಲಸದಲ್ಲಿ ಪಾಲುಗೊಂಡ ಈ ಬುದ್ಧಿವಂತರ ಬಗ್ಗೆ ನಮಗೆ ಗೌರವವೇ ಇದೆ. ಆದರೆ ಆ ಬಂದೂಕು ಮಾಡುವದೇನು? ಹತ್ತು ಸಲ ಒತ್ತಿದ ಕೈಬಲವನ್ನು ಗಾಳಿಯ ರೂಪದಲ್ಲಿ ಕೂಡಿಟ್ಟು ಒಮ್ಮೆಗೇ ಬಿಡುತ್ತದೆ. ಬಿದಿರಿನ ಜೀರ್ಕೊಳವಿಯಲ್ಲಿ ಕೂಡಿಡುವ ಮಾತಿಲ್ಲ. ಆ ಕ್ಷಣಕ್ಕೆ ಕೈ ಎಷ್ಟು ಒತ್ತೀತೋ ಅಷ್ಟೇ ನೀರು. ಅದಕ್ಕಾಗಿಯೇ ನಮ್ಮ ಆಟಕ್ಕೆ ಬಿದಿರಿನದೇ ಇರಲಿ ಎನ್ನುತ್ತೇವೆ, ಪ್ರಾಚೀನವೆಂಬ ಮೋಹದಿಂದಲ್ಲ.

ಮಾಡುವದು ಕಷ್ಟವೇನಲ್ಲ. ಒಂದು ಕಡೆ ಗೆಣ್ಣು ಉಳಿಯುವಂತೆ ಬಿದಿರನ್ನು ಒಂದು ಅಡಿ ಉದ್ದ ಕತ್ತರಿಸಬೇಕು. ಗೆಣ್ಣಿಗೆ ಸಣ್ಣ ತೂತು. ಒಂದು ಕೋಲಿನ ತುದಿಗೆ ಹಳೆಯ ಅರಿವೆ ಸುತ್ತಿ, ನೂಲಿನಿಂದ ಬಿಗಿದು, ತೋಯಿಸಿ ಒಳಗೆ ಸೇರಿಸಿದರೆ ಆಯಿತು. ಕೊಳವಿಯ ಒಳ ವ್ಯಾಸ 3 ಸೆಂಟಿಮೀಟರ್, ತೂತಿನ ವ್ಯಾಸ 3 ಮಿಲಿಮೀಟರ್ ಎಂದು ಹಿಡಿಯಿರಿ. ವ್ಯಾಸ ಹತ್ತು ಪಟ್ಟಾದರೆ ಕ್ಷೇತ್ರಫಲ ನೂರು ಪಟ್ಟು. ಕೈ ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಿಂದ ಒತ್ತಿದರೆ ನೀರು ಸೆಕೆಂಡಿಗೆ 10 ಮೀಟರ್ ವೇಗದಿಂದ ಹೊರಬೀಳುತ್ತದೆ. ಒಮ್ಮೆ ತುಂಬಿದರೆ ಹಿಡಿಯುವ ನೀರು ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟ. ಒಂಬತ್ತನೆಯ ಇಯತ್ತೆಯ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಸಿಲಿಂಡರಿನ ಘನಫಲದ ಸೂತ್ರ ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ಹತ್ತದ ತಲೆಗೆ ಇದರಿಂದ ಹತ್ತಬಹುದು. ತೂತು 3 ಮಿಲಿಮೀಟರಿಗಿಂತ ಸಣ್ಣದಾಗಿರಬಾರದು, ಏಕೆಂದರೆ ಸಣ್ಣ ತೂತಿನ ಧಾರೆ ಮೈಗೆ ಚುಚ್ಚುತ್ತದೆ. ಆಟಕ್ಕೆ ಮುಂಚೆ ಪಂಚರು ಒಂದೊಂದೇ ಕೊಳವಿಯನ್ನು ಅಳೆಯಬೇಕು, ಅಳೆದದ್ದಕ್ಕೆ ಸುಣ್ಣದ ಗುರುತು ಹಾಕಬೇಕು.

ಕಣ್ಣಿನ ವಿಷಯದಲ್ಲಿ ಮಾತ್ರ ನಾವು ಯಾವ ರಿಯಾಯತಿಯನ್ನೂ ಕೊಡಲಾರೆವು. ನೀರು ಮೆತ್ತಗಿನ ವಸ್ತುವೆಂದು ತಿಳಿಯುವದು ಭ್ರಮೆ. ಹತ್ತಿರದಿಂದ ಬಡಿದ ಬಿರುಸಾದ ಧಾರೆಯಿಂದ, ನೀರು ತುಂಬಿದ ಫುಗ್ಗೆಯಿಂದ ಕಣ್ಣಿನೊಳಗೆ ರಕ್ತ ಇಳಿದ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ದಾಖಲಾಗಿವೆ. ಫುಗ್ಗೆಗೆ ನಮ್ಮ ಆಟದಲ್ಲಿ ಜಾಗವಿಲ್ಲ. ನೀರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೂ ಇಲ್ಲ. ಇನ್ನೊಂದನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕು: ದವಾಖಾನೆಯ ಹಿಂದೆ ಚೆಲ್ಲಿದ ಇಂಜೆಕ್ಶನ್ನಿನ ಕೊಳವಿಗಳನ್ನು ಆಯ್ದುಕೊಂಡು ಪಿಚಕಾರಿ ಮಾಡಿಕೊಳ್ಳುವ ಮಕ್ಕಳಿದ್ದಾರೆ. ಸೂಜಿ ಇರಲಿ, ಇಲ್ಲದಿರಲಿ, ಅದು ರೋಗವನ್ನು ಕೈಯಾರೆ ಮನೆಗೆ ತಂದಂತೆ. ತಾಯಂದಿರು ಹಬ್ಬದ ಮುಂಚೆ ಒಮ್ಮೆ ಮಕ್ಕಳ ಪಾಟಿಚೀಲವನ್ನು ನೋಡಿರಿ. ಆಡುವವರೆಲ್ಲರೂ ಕಣ್ಣಿಗೆ ಚಸ್ಮಾ ಹಾಕಬೇಕು. ಅದು ಕಾಜಿನದಾಗಿರಬಾರದು, ಬೈಸಿಕಲ್ ಸವಾರರು ಧೂಳಿಗೆಂದು ಹಾಕುವ ಅಗ್ಗದ ಪ್ಲಾಸ್ಟಿಕ್ಕಿನದು ಸಾಕು. ಐದು ಹೆಜ್ಜೆಗಿಂತ ಹತ್ತಿರ ನಿಂತು ಹೊಡೆಯಬಾರದು, ಕುತ್ತಿಗೆಯ ಮೇಲಕ್ಕೆ ಹೊಡೆದವನು ಆ ಸುತ್ತಿನಿಂದ ಹೊರಗೆ.

ಇನ್ನು ಬಣ್ಣ. ಪೇಟೆಯ ಬಣ್ಣಗಳಲ್ಲಿ ಕಪ್ಪಿಗೆ ಸೀಸದ ಆಕ್ಸೈಡ್, ಹಸಿರಿಗೆ ಮೈಲುತುತ್ತ ಬೆರೆಸಿದ್ದು ಕಂಡುಬಂದಿದೆ. ಮೈಲುತುತ್ತ ಏನೆಂಬುದನ್ನು ದ್ರಾಕ್ಷಿಯ ತೋಟದವರಿಗೆ ನಾವು ತಿಳಿಸಿ ಹೇಳಬೇಕಾಗಿಲ್ಲ. ಹಾಗಾದರೆ ಹಳೆಯ ಓಕುಳಿಯೇ ಒಳ್ಳೆಯದೆಂದು ಹಿರಿಯರು ಅನ್ನಬಹುದು. ಇಲ್ಲಿ ತುಸು ತಾಳಬೇಕು. ಓಕುಳಿಯ ಕೆಂಪು ಬರುವದು ಅರಿಶಿನಕ್ಕೆ ಸುಣ್ಣ ಕೂಡಿಸಿದಾಗ. ಆರತಿಯ ತಟ್ಟೆಯಲ್ಲಿ ಅದು ಚೆಂದ. ಆದರೆ ಸುಣ್ಣದ ನೀರು ಕಣ್ಣಿಗೆ ಬಿದ್ದರೆ ಕಣ್ಣನ್ನೇ ಸುಡುತ್ತದೆ, ಪಿಚಕಾರಿಯಲ್ಲಿ ಅದನ್ನು ತುಂಬಲೇಬಾರದು. ನಮಗೆ ಮುತ್ತುಗದ ಹೂವು ಇದೆ, ಮರಾಠಿಯವರ ಪಳಸ. ರಂಗಪಂಚಮಿಯ ಹೊತ್ತಿಗೇ ಎಲೆಯೆಲ್ಲ ಉದುರಿ ಮರ ಕೆಂಡದಂತೆ ನಿಂತಿರುತ್ತದೆ. ಹೂವನ್ನು ರಾತ್ರಿ ನೀರಲ್ಲಿ ನೆನೆಯಿಟ್ಟರೆ, ಇಲ್ಲವೆ ಒಂದು ಕುದಿ ಕುದಿಸಿದರೆ ಹಳದಿಗೆಂಪು ಬಣ್ಣ ಇಳಿಯುತ್ತದೆ. ಅರಿವೆಯಿಂದ ಎರಡು ಸಲ ಸೋಸಿ ಉಪಯೋಗಿಸಬೇಕು, ಇಲ್ಲದಿದ್ದರೆ ಕೊಳವಿಯ ಬಾಯಿ ಕಟ್ಟುತ್ತದೆ.

ನೀರಿನ ಪ್ರಶ್ನೆಯನ್ನು ನಮ್ಮ ಸೀಮೆಯವರು ಕೇಳಿಯೇ ಕೇಳುತ್ತಾರೆ, ಕೇಳಲೇಬೇಕು. 2016ರ ಎಪ್ರಿಲದಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ಮೊದಲ ಗಾಡಿಯಲ್ಲಿ ಹತ್ತು ಡಬ್ಬಿಗಳಲ್ಲಿ 5 ಲಕ್ಷ ಲೀಟರ್. ಅಂಥ ನಾಡಿನಲ್ಲಿ ನೀರು ಎರಚಾಡುವವರು ಲೆಕ್ಕ ಕೊಡಬೇಕು, ಕೊಡುತ್ತೇವೆ. ಎರಡು ಪಂಗಡ ಸೇರಿ ನಲವತ್ತು ಮಕ್ಕಳು. ಒಬ್ಬರಿಗೆ ಹತ್ತು ಸಲ ತುಂಬಿಕೊಳ್ಳಲು ಅವಕಾಶ, ಅಂದರೆ ಎರಡು ಲೀಟರ್. ಎಲ್ಲರದೂ ಸೇರಿ 80 ಲೀಟರ್, ಮನೆಯ ಮುಂದಿನ ಡ್ರಮ್ಮಿನ ಅರ್ಧಕ್ಕೂ ಕಡಿಮೆ. ಅದೇ ಎರಡು ಲೀಟರಿನ ಬಂದೂಕನ್ನು ಹತ್ತು ಸಲ ತುಂಬಿದರೆ 800 ಲೀಟರ್. ಬಿದಿರಿನ ಪರವಾಗಿ ಇದಕ್ಕಿಂತ ಗಟ್ಟಿಯಾದ ಮಾತು ನಮ್ಮಲ್ಲಿಲ್ಲ. ಆ 80 ಲೀಟರನ್ನೂ ಬರಿಯ ನೆಲಕ್ಕೆ ಚೆಲ್ಲದೆ, ಶಾಲೆಯ ಬೇವಿನ ಸಸಿಗಳ ಸಾಲಿನ ನಡುವೆ ಆಡಬೇಕು. ಪ್ರತಿ ಪಂಗಡಕ್ಕೂ ಒಂದೇ ಹಂಡೆ. ಅದು ಬರಿದಾದರೆ ಆಟ ಮುಗಿಯಿತು, ನಳಕ್ಕೆ ಯಾರೂ ಓಡುವಂತಿಲ್ಲ. ನೀರು ಮುಗಿಯುವದೆಂದು ತಿಳಿದಾಗಲೇ ಹುಡುಗರು ಗುರಿಯಿಟ್ಟು ಹೊಡೆಯಲು ಕಲಿಯುತ್ತಾರೆ.

ಗೆಲುವನ್ನು ಎಣಿಸುವದು ಹೇಗೆ? ಹಳೆಯ ಬಿಳಿ ಹಾಸಿಗೆ ಅರಿವೆಯನ್ನು ಗೇಣಗಲ ಹರಿದು ಎಲ್ಲರ ಎದೆಗೆ ಒಂದು, ಬೆನ್ನಿಗೆ ಒಂದು ಪಿನ್ನು ಹಾಕಬೇಕು. ಅದಕ್ಕೆ ಬಣ್ಣ ತಗುಲಿದವನು ಹೊರಗೆ. ಈ ಪಟ್ಟಿಗೆ ಇನ್ನೊಂದು ದೊಡ್ಡ ಉಪಯೋಗವಿದೆ. ಪಟ್ಟಿಯಿಲ್ಲದವರ ಮೇಲೆ ಒಂದು ಹನಿ ಬಿದ್ದರೂ ಹೊಡೆದವನ ಪಂಗಡವೇ ಸೋತಂತೆ. ಹೆಣ್ಣುಮಕ್ಕಳ ತಂದೆತಾಯಿಗಳು ಆ ದಿನ ಮಗಳನ್ನು ಶಾಲೆಗೆ ಕಳಿಸದಿರುವದನ್ನು ನಾವು ವರುಷವರುಷವೂ ಹಾಜರಿಪಟ್ಟಿಯಲ್ಲಿ ಕಾಣುತ್ತೇವೆ. ಹಬ್ಬವೆಂದ ಮಾತ್ರಕ್ಕೆ ಕಂಡವರ ಮೇಲೆ ನೀರು ಸುರಿಯುವ ಹಕ್ಕು ಯಾರಿಗೂ ಬರುವದಿಲ್ಲ. ಹನುಮಂತ ದೇವರ ಗುಡಿಯ ಮುಂದಿನ ಓಕುಳಿಯ ಹೊಂಡವನ್ನು ನಾವೆಲ್ಲ ಅಭಿಮಾನದಿಂದ ನೆನೆಯುತ್ತೇವೆ. ಆದರೆ ಕೆಲವು ಊರುಗಳಲ್ಲಿ ದಲಿತ ಹೆಣ್ಣುಮಕ್ಕಳನ್ನು ಬಲವಂತದಿಂದ ತಂದು ನಿಲ್ಲಿಸಿ ನೀರೆರಚುವ ರೂಢಿಯೂ ಇತ್ತು. ಅದು ಆಟವಾಗಿರಲಿಲ್ಲ. ತಾನಾಗಿ ಪಟ್ಟಿ ಕಟ್ಟಿಕೊಂಡು ಬಂದವಳೇ ಆಟಗಾರ್ತಿ. ಹಾಗೆ ಬಂದ ಹುಡುಗಿ ಗುರಿಯಲ್ಲಿ ಯಾವ ಹುಡುಗನಿಗೂ ಕಡಿಮೆಯಾಗಲಾರಳು, ಬಿದಿರಿನ ಕೊಳವಿಗೆ ಬಲಕ್ಕಿಂತ ನಿದಾನವೇ ಹೆಚ್ಚು ಬೇಕು.

ಇಷ್ಟೆಲ್ಲ ಕಟ್ಟಳೆ ಹಾಕಿದರೆ ಹಬ್ಬದ ಮೋಜು ಉಳಿಯುವದೇ ಎಂದು ಹತ್ತನೆಯ ಇಯತ್ತೆಯವರು ಕೇಳುತ್ತಿದ್ದಾರೆ. ಬಾಗಲಕೋಟೆಯಲ್ಲಿ ಬಂಡಿಗಳ ಮೇಲೆ ಬಣ್ಣದ ಪೀಪಾಯಿಗಳನ್ನಿಟ್ಟುಕೊಂಡು ಓಣಿಗೆ ಓಣಿಯೇ ಎದುರು ನಿಂತು ಆಡುವದನ್ನು ಅವರು ಕೇಳಿ ಬಲ್ಲರು, ಸೋಲಾಪುರದ ರಂಗಗಾಡಿಗಳನ್ನು ಕಂಡೂ ಬಲ್ಲರು. ಅದರ ಮುಂದೆ ನಮ್ಮ ಲೋಟದ ನೀರು ಸಪ್ಪೆಯೆನಿಸುವದು ಸಹಜ. ಥಾಯ್ಲೆಂಡದಲ್ಲಿ ಎಪ್ರಿಲದ ಹೊಸ ವರುಷಕ್ಕೆ ಊರಿಗೆ ಊರೇ ನೀರಾಡುತ್ತದೆ, ಅಲ್ಲಿಯೂ ಒತ್ತಡದ ದೊಡ್ಡ ಬಂದೂಕುಗಳಿಗೆ ಅಧಿಕಾರಿಗಳು ಅಡ್ಡಿ ಮಾಡಿದ್ದುಂಟು. ಬೀದಿಯ ಹಬ್ಬ ಬೀದಿಯಲ್ಲಿ ನಡೆಯಲಿ, ಅದಕ್ಕೆ ಅದರದೇ ಹಿರಿಯರಿದ್ದಾರೆ. ಶಾಲೆಯ ಮೈದಾನದಲ್ಲಿ ಐದನೆಯ ಇಯತ್ತೆಯ ಸಣ್ಣ ಹುಡುಗನೂ ಹತ್ತನೆಯವನನ್ನು ಸೋಲಿಸುವ ಸಂಭವವಿರಬೇಕು. ಹತ್ತನೆಯವರಿಗೆ ಇದು ರುಚಿಸಲಿಕ್ಕಿಲ್ಲ.

ಬಿದಿರು ಮೇದಾರ ಓಣಿಯಲ್ಲಿ ಸಿಗುತ್ತದೆ, ಹಬ್ಬದ ವಾರದಲ್ಲಿ ಬೆಲೆ ಏರುವದರಿಂದ ಶಿವರಾತ್ರಿಯ ಒಳಗೇ ತರಿಸಬೇಕು. ಕೊಳವಿಗಳನ್ನು ಮಕ್ಕಳು ಶನಿವಾರದ ಕೈಕೆಲಸದ ತಾಸಿನಲ್ಲಿ ತಾವೇ ಮಾಡಲಿ, ಮಾಡಿದವುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿ ಆಟದ ದಿನ ಚೀಟಿ ಎತ್ತಿ ಹಂಚಲಿ. ತನ್ನ ಕೊಳವಿ ಎದುರಾಳಿಗೂ ಹೋಗಬಹುದೆಂದು ಗೊತ್ತಿದ್ದವನು ಎಲ್ಲವನ್ನೂ ಒಂದೇ ಸಮ ಮಾಡುತ್ತಾನೆ. ಹೊಲದ ಬದುವಿನಲ್ಲಿ ಮುತ್ತುಗದ ಮರವಿರುವ ಪಾಲಕರು ಉದುರಿದ ಹೂಗಳನ್ನು ಒಂದು ಚೀಲದಲ್ಲಿ ತುಂಬಿ ಮಕ್ಕಳ ಕೈಯಲ್ಲಿ ಕಳಿಸಿದರೆ ಉಪಕಾರವಾಗುವದು. ಒಣಗಿದ ಹೂವಾದರೂ ನಡೆಯುತ್ತದೆ.