ಶೇವರ್ ಬಿಟ್ಟು ಬ್ಲೇಡು ಹಿಡಿಯುವ ಮುನ್ನ

ಕೆಲವು ವರ್ಷಗಳಿಂದ ಒಂದು ವಿಚಿತ್ರ ನೋಡುತ್ತಿದ್ದೇನೆ. ತಾತ ಬಳಸುತ್ತಿದ್ದ ಶೇವಿಂಗ್ ಸೆಟ್ಟನ್ನು ಅಪ್ಪ ಅಟ್ಟಕ್ಕೆ ಎಸೆದು ಕರೆಂಟಿನ ಶೇವರ್ ಕೊಂಡರು. ಈಗ ಮಗ ಅದೇ ಸೆಟ್ಟನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಬ್ಲೇಡು ಸೇರಿಸುತ್ತಿದ್ದಾನೆ. ಒಳ್ಳೆಯದೇ. ಆದರೆ ಎರಡನೆಯ ವಾರಕ್ಕೆ ಕೊರಳ ತುಂಬ ಕೆಂಪು ಗುಳ್ಳೆ ಎಬ್ಬಿಸಿಕೊಂಡು ನಮ್ಮಂಥವರ ಬಳಿ ಬರುತ್ತಾನೆ. "ಡಾಕ್ಟ್ರೇ, ನನ್ನ ಚರ್ಮಕ್ಕೆ ಬ್ಲೇಡು ಆಗಿಬರೋದಿಲ್ಲ ಅಲ್ವೇ?" ಎಂಬುದು ಪ್ರಶ್ನೆ. ಹೆಚ್ಚಿನವರ ವಿಷಯದಲ್ಲಿ ತಪ್ಪು ಚರ್ಮದ್ದೂ ಅಲ್ಲ, ಬ್ಲೇಡಿನದೂ ಅಲ್ಲ. ಹತ್ತು ಹದಿನೈದು ವರ್ಷ ಶೇವರ್ ಹಿಡಿದ ಕೈ ತನ್ನ ಹಳೆಯ ಅಭ್ಯಾಸಗಳನ್ನು ಬ್ಲೇಡಿಗೂ ತಂದಿರುತ್ತದೆ, ಅಷ್ಟೆ.

ಶೇವರ್ ಕೆಲಸ ಮಾಡುವ ರೀತಿಯನ್ನು ಒಮ್ಮೆ ಯೋಚಿಸಿ. ಸಣ್ಣ ತೂತುಗಳ ತೆಳುವಾದ ಲೋಹದ ಜಾಲರಿ, ಅದರ ಹಿಂದೆ ಓಡುವ ಅಲಗು. ಕೂದಲು ತೂತಿನೊಳಗೆ ಹೊಕ್ಕಾಗ ಕತ್ತರಿಸಿ ಬೀಳುತ್ತದೆ. ಅಲಗಿಗೂ ಚರ್ಮಕ್ಕೂ ನಡುವೆ ಯಾವಾಗಲೂ ಒಂದು ಗೋಡೆ ಇರುತ್ತದೆ. ಹೀಗಾಗಿ ಒಣ ಮುಖದ ಮೇಲೆ ಓಡಿಸಬಹುದು, ಸ್ವಲ್ಪ ಒತ್ತಬಹುದು, ಸುತ್ತಲೂ ತಿರುಗಿಸಬಹುದು, ಪತ್ರಿಕೆಯ ತಲೆಬರಹ ಓದುತ್ತಲೂ ಮುಗಿಸಬಹುದು. ಬ್ಲೇಡಿಗೆ ಈ ಗೋಡೆ ಇಲ್ಲ. ಅದು ಚರ್ಮದ ಮೇಲೆಯೇ ಜಾರುತ್ತದೆ. ಪ್ರತಿ ಸಲವೂ ಕೂದಲಿನ ಜೊತೆ ಚರ್ಮದ ಹೊರಪದರವನ್ನೂ ಒಂದಿಷ್ಟು ಕೆರೆದುಕೊಂಡೇ ಬರುತ್ತದೆ. ಒಣಗಿದ ಮುಖ, ಒತ್ತುವ ಕೈ, ಒಂದೇ ಜಾಗದಲ್ಲಿ ಹಿಂದೆ ಮುಂದೆ ಎಳೆಯುವುದು — ಶೇವರಿನಲ್ಲಿ ನಿರಪಾಯವಾಗಿದ್ದ ಈ ಮೂರೂ ಬ್ಲೇಡಿನಲ್ಲಿ ಗಾಯ ಮಾಡುತ್ತವೆ.

ಮೊದಲು ನೀರಿನ ಮಾತು. ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುವುದು ಅದೇ. ಗಡ್ಡದ ಕೂದಲು ನೀರು ಹೀರಿ ಮೆತ್ತಗಾಗಲು ಎರಡು ಮೂರು ನಿಮಿಷ ಬೇಕು. ಸ್ನಾನವಾದ ಕೂಡಲೇ ಗಡ್ಡ ತೆಗೆದರೆ ಈ ಕೆಲಸ ತಾನಾಗಿಯೇ ಆಗಿರುತ್ತದೆ. ಆದರೆ ನಮ್ಮ ಅನೇಕ ಮನೆಗಳಲ್ಲಿ ಕ್ಷೌರ ಮೊದಲು, ಸ್ನಾನ ಆಮೇಲೆ. ಇದಕ್ಕಾಗಿ ಹಿರಿಯರೊಡನೆ ಜಗಳ ಕಾಯಬೇಕಿಲ್ಲ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಸಣ್ಣ ಟವೆಲನ್ನು ಮೂರು ನಿಮಿಷ ಮುಖದ ಮೇಲೆ ಇಟ್ಟುಕೊಳ್ಳಿ, ಸಾಕು. ಸುಡುವ ನೀರು ಬೇಡ. ಅದು ಚರ್ಮದ ಸಹಜ ಜಿಡ್ಡನ್ನು ತೆಗೆದುಬಿಡುತ್ತದೆ.

ನೊರೆಯ ಬಗ್ಗೆ ಒಂದು ಮಾತು. ಮೈಗೆ ಹಚ್ಚುವ ಸಾಬೂನಿನ ನೊರೆ ಬೇಗ ಒಣಗುತ್ತದೆ. ಶೇವಿಂಗ್ ಸಾಬೂನು ಅಥವಾ ಕ್ರೀಮನ್ನು ನೀರು ಹಿಡಿದಿಟ್ಟುಕೊಳ್ಳುವಂತೆಯೇ ತಯಾರಿಸಿರುತ್ತಾರೆ. ಕೊಳವೆಬಾವಿಯ ಗಡಸು ನೀರಿನ ಊರುಗಳಲ್ಲಿ ಎಷ್ಟೇ ಒಳ್ಳೆಯ ಸಾಬೂನಾದರೂ ನೊರೆ ಏಳುವುದಿಲ್ಲ. ನಿಮ್ಮ ಮನೆಯಲ್ಲಿ ಸಾರಿನ ಬೇಳೆ ಬೇಯಲು ತಡವಾಗುತ್ತಿದ್ದರೆ ನೊರೆಯ ಕಷ್ಟಕ್ಕೂ ಅದೇ ನೀರು ಕಾರಣವೆಂದು ತಿಳಿಯಿರಿ. ಕುಡಿಯಲು ಶುದ್ಧೀಕರಿಸಿದ ನೀರನ್ನು ಅರ್ಧ ಲೋಟ ಬಿಸಿ ಮಾಡಿ, ನೊರೆಗೆ ಮಾತ್ರ ಅದನ್ನು ಬಳಸಿದರೆ ತೊಂದರೆ ತೀರುತ್ತದೆ. ಬಾಕಿ ತೊಳೆಯಲು ನಲ್ಲಿ ನೀರೇ ಸಾಕು.

ಬ್ರಷ್ಷು ಹಳೆಯದನ್ನು ಬಳಸಬೇಡಿ. ಇದು ಅತಿ ಎಚ್ಚರಿಕೆ ಎನ್ನಿಸಬಹುದು, ಹಿನ್ನೆಲೆ ಕೇಳಿ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಆಂಥ್ರಾಕ್ಸ್ ರೋಗ ಇದ್ದಕ್ಕಿದ್ದಂತೆ ಹೆಚ್ಚಿತು. ಮೂಲ ಹುಡುಕಿದಾಗ ಸಿಕ್ಕಿದ್ದು ಶೇವಿಂಗ್ ಬ್ರಷ್ಷು. ಆಮದಾದ ಅಗ್ಗದ ಕುದುರೆ ಕೂದಲನ್ನು ಸರಿಯಾಗಿ ಶುದ್ಧಗೊಳಿಸದೆ ಬ್ರಷ್ಷು ಮಾಡಿ ಮಾರಿದ್ದರು. ಇಂದು ಅಂಗಡಿಯಲ್ಲಿ ಸಿಗುವ ಹೊಸ ಬ್ರಷ್ಷಿಗೆ ಹೆದರಬೇಕಾಗಿಲ್ಲ. ಆದರೆ ಹಳೆಯ ಸಾಮಾನು ಕೂಡಿಸುವ ಶೋಕಿಯಿಂದ ನೂರು ವರ್ಷದ ಹಳೆಯ ಬ್ರಷ್ಷು ತಂದು ಮುಖಕ್ಕೆ ಉಜ್ಜುವವರೂ ಇದ್ದಾರೆ. ಅದನ್ನು ಷೋಕೇಸಿನಲ್ಲಿಡಿ. ಮುಖಕ್ಕೆ ನೈಲಾನಿನಂಥ ಕೃತಕ ಎಳೆಯ ಹೊಸ ಬ್ರಷ್ಷು ಸಾಕು, ಬೇಗ ಒಣಗುತ್ತದೆ ಕೂಡ. ತಾತನ ಸೆಟ್ಟನ್ನು ಮಾತ್ರ ಕುದಿಯುವ ನೀರಿನಲ್ಲಿ ಅದ್ದಿ, ಉಜ್ಜಿ, ಹೊಸ ಬ್ಲೇಡು ಹಾಕಿ ಧಾರಾಳವಾಗಿ ಬಳಸಬಹುದು.

ಈಗ ಕೈಯ ಕೆಲಸ. ಗಡ್ಡ ಎರಡು ದಿನ ಬೆಳೆಯಲು ಬಿಟ್ಟು ಬೆರಳು ಸವರಿ ನೋಡಿ. ಕೆನ್ನೆಯ ಮೇಲೆ ಕೂದಲು ಸಾಮಾನ್ಯವಾಗಿ ಕೆಳಮುಖವಾಗಿರುತ್ತದೆ. ಕೊರಳಿನಲ್ಲಿ ಹಾಗಲ್ಲ. ಕೆಲವರಿಗೆ ಮೇಲ್ಮುಖ, ಕೆಲವರಿಗೆ ಅಡ್ಡ, ಕೆಲವರಿಗೆ ಒಂದು ಕಡೆ ಸುಳಿ. ಹತ್ತು ವರ್ಷ ಶೇವರ್ ಬಳಸಿದವರಿಗೆ ತಮ್ಮ ಕೊರಳಿನ ಕೂದಲು ಯಾವ ಕಡೆ ಮಲಗಿದೆ ಎಂಬುದೇ ಗೊತ್ತಿರುವುದಿಲ್ಲ, ಅವರಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ಗುಳ್ಳೆಗಳು ಕೊರಳಿನಲ್ಲೇ ಹೆಚ್ಚು ಏಳುವುದಕ್ಕೆ ಇದು ಮುಖ್ಯ ಕಾರಣ. ಕೂದಲು ಮಲಗಿದ ದಿಕ್ಕಿಗೇ ಬ್ಲೇಡು ಹೋಗಲಿ. ಸೆಟ್ಟಿನ ತಲೆಯನ್ನು ಕೆನ್ನೆಗೆ ಆನಿಸಿ, ಹಿಡಿಯನ್ನು ನಿಧಾನವಾಗಿ ಇಳಿಸುತ್ತ ಬಂದರೆ ಒಂದು ಹಂತದಲ್ಲಿ ಅಲಗು ಕೂದಲನ್ನು ತಾಗುವುದು ತಿಳಿಯುತ್ತದೆ. ಹಿಡಿಗೂ ಚರ್ಮಕ್ಕೂ ನಡುವೆ ಸುಮಾರು 30 ಡಿಗ್ರಿ ಕೋನ. ಅಲ್ಲಿಂದ ಗಿಡ್ಡ ಗಿಡ್ಡ ಎಳೆತ. ಸೆಟ್ಟಿನ ಭಾರವೇ ಸಾಕು, ನಿಮ್ಮ ಭುಜದ ಬಲ ಬೇಕಿಲ್ಲ. ನೊರೆ ಹೋದ ಜಾಗದ ಮೇಲೆ ಇನ್ನೊಮ್ಮೆ ಬ್ಲೇಡು ಆಡಿಸಬಾರದು. ಬೇಕಿದ್ದರೆ ಮತ್ತೆ ನೊರೆ ಹಚ್ಚಿ.

ಮೊದಲ ಮೂರು ನಾಲ್ಕು ವಾರ ಒಂದೇ ಸುತ್ತು, ಅದೂ ಕೂದಲಿನ ದಿಕ್ಕಿಗೆ ಮಾತ್ರ. ಅಲ್ಲಲ್ಲಿ ಒರಟು ಉಳಿಯುತ್ತದೆ, ಉಳಿಯಲಿ. ಜಾಹೀರಾತಿನ ಹುಡುಗನ ಕೆನ್ನೆಯಂತೆ ಆಗಬೇಕೆಂದು ಮೊದಲ ದಿನವೇ ಎದುರು ದಿಕ್ಕಿಗೆ ಎಳೆಯುವವರೇ ನನ್ನ ಬಳಿ ಬರುವವರಲ್ಲಿ ಹೆಚ್ಚು. ಸಾಧ್ಯವಿದ್ದರೆ ಶುರುವಿನಲ್ಲಿ ದಿನ ಬಿಟ್ಟು ದಿನ ಮಾಡಿ. ನಡುವಿನ ದಿನ ಶೇವರ್ ಬಳಸಿದರೆ ಯಾವ ದೋಷವೂ ಇಲ್ಲ. ಬಿಟ್ಟೆನೆಂದರೆ ಬಿಟ್ಟೆ ಎಂಬ ಹಠ ಗಡ್ಡದ ವಿಷಯದಲ್ಲಿ ಏಕೆ?

ಬ್ಲೇಡನ್ನು ಎಷ್ಟು ದಿನ ಬಳಸಬಹುದು? ನಾಲ್ಕೈದು ಸಲ ಎಂದು ಲೆಕ್ಕ ಇಟ್ಟುಕೊಳ್ಳಿ. ಕೂದಲನ್ನು ಜಗ್ಗಿದಂತೆ ಅನ್ನಿಸಿದರೆ ಎರಡನೆಯ ಸಲವೇ ಬದಲಿಸಿ. ಮೆತ್ತಗಿನ ಕೂದಲಿಗೆ ಉಕ್ಕು ಹೇಗೆ ಮೊಂಡಾಗುತ್ತದೆ ಎಂಬುದನ್ನು ಅಮೆರಿಕದ ಎಂಐಟಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಸೂಕ್ಷ್ಮದರ್ಶಕದಡಿ ನೋಡಿದರು. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕೂದಲು ಒಂದು ಓರೆಯಲ್ಲಿ ಬಾಗಿ ಅಲಗಿನ ದುರ್ಬಲ ಬಿಂದುವಿಗೆ ತಾಗಿದರೆ ಉಕ್ಕಿನ ಅಂಚು ಚೂರು ಚೂರಾಗಿ ಚಕ್ಕೆ ಏಳುತ್ತದೆ. ಒಂದು ಬ್ಲೇಡಿಗೆ ಕೆಲವೇ ರೂಪಾಯಿ. ಅದರಲ್ಲಿ ಉಳಿತಾಯ ಮಾಡಿ ಮುಲಾಮಿಗೆ ಸುರಿಯುವುದು ಜಾಣತನವಲ್ಲ.

ಬ್ಲೇಡಿಗೆ ಬಂದರೆ ಗಡ್ಡ ದಪ್ಪಗೆ ಬೆಳೆಯುತ್ತದೆಯೇ ಎಂದು ತಾಯಂದಿರು ಕೇಳುತ್ತಾರೆ. ಇಲ್ಲ. ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು 1928ರಷ್ಟು ಹಿಂದೆಯೇ ಅಳೆದು ನೋಡಿ ಸುಳ್ಳೆಂದು ತೋರಿಸಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟಾಗಿ ತಾಗುತ್ತದೆ, ಅಷ್ಟೆ.

ಎಲ್ಲರೂ ಶೇವರ್ ಬಿಟ್ಟು ಬ್ಲೇಡಿಗೆ ಬರಬೇಕೆಂಬ ಉತ್ಸಾಹವನ್ನು ನಾನು ಒಪ್ಪುವುದಿಲ್ಲ. ಕೆಲವರಿಗೆ ಶೇವರೇ ಸರಿ. ಹೃದಯದ ಕವಾಟ ಬದಲಿಸಿಕೊಂಡು, ಇಲ್ಲವೇ ಸ್ಟೆಂಟ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿರುವವರು ಅದನ್ನು ಬಿಡಬಾರದು. ಅವರಿಗೆ ಸಣ್ಣ ಗೀರೂ ಅರ್ಧ ಗಂಟೆ ಸೋರಬಹುದು. ಡೆಂಗಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದಿರುವಾಗ ಬ್ಲೇಡು ಮುಟ್ಟಲೇಬೇಡಿ. ಕೈ ನಡುಗುವವರು, ದೃಷ್ಟಿ ಮಂದವಾದವರು, ಗಾಯ ಮಾಗಿದ ಜಾಗದಲ್ಲಿ ಗಡ್ಡೆಯಂತೆ ಮಾಂಸ ಬೆಳೆಯುವ ಗುಣವುಳ್ಳವರು ಕೂಡ ಶೇವರಿನಲ್ಲೇ ಇರಲಿ. ಹಾಸಿಗೆ ಹಿಡಿದ ತಂದೆಗೆ ಮಗನೋ ಸೊಸೆಯೋ ಗಡ್ಡ ತೆಗೆಯಬೇಕಾದ ಮನೆಗಳಿವೆ. ಸುಕ್ಕುಗಟ್ಟಿದ, ಕಾಗದದಷ್ಟು ತೆಳುವಾದ ಆ ಚರ್ಮದ ಮೇಲೆ ಬ್ಲೇಡಿನ ಪ್ರಯೋಗ ಬೇಡ. ಆಸ್ಪತ್ರೆಗಳಲ್ಲೂ ಈಗ ಹೀಗೆಯೇ. ಶಸ್ತ್ರಚಿಕಿತ್ಸೆಗೆ ಮುನ್ನ ಕೂದಲು ತೆಗೆಯಲೇಬೇಕಾದರೆ ಕತ್ತರಿಸುವ ಯಂತ್ರ ಬಳಸಿ, ಬ್ಲೇಡಿನಿಂದ ಬೋಳಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ. ಬ್ಲೇಡು ಬಿಡುವ ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣು ಮನೆ ಮಾಡುತ್ತದೆ ಎಂಬುದೇ ಕಾರಣ.

ಸುರುಳಿ ಗಡ್ಡದವರದು ಬೇರೆ ಕಥೆ. ಕೂದಲನ್ನು ಬುಡಕ್ಕೆ ಕತ್ತರಿಸಿದಷ್ಟೂ ಅದರ ಚೂಪು ತುದಿ ಬಾಗಿ ಮತ್ತೆ ಚರ್ಮದೊಳಕ್ಕೇ ನುಗ್ಗುತ್ತದೆ. ದೇಹ ಅದನ್ನು ಮುಳ್ಳೆಂದು ತಿಳಿದು ಕೆಂಪು ಗುಳ್ಳೆ ಎಬ್ಬಿಸುತ್ತದೆ, ಆಮೇಲೆ ಕಪ್ಪು ಕಲೆ. ಇಂಥವರು "ಶೇವರಿನಿಂದ ಗುಳ್ಳೆ ಬಂತು, ಬ್ಲೇಡಿಗೆ ಹೋಗುತ್ತೇನೆ" ಎಂದರೆ ಬೆಂಕಿಯಿಂದ ಬಾಣಲೆಗೆ ಬಿದ್ದಂತೆ. ಬ್ಲೇಡಿನ ಕ್ಷೌರ ಇನ್ನೂ ನುಣುಪು. ನುಣುಪೇ ಇಲ್ಲಿ ರೋಗದ ಮೂಲ. ಒಂದೆರಡು ತಿಂಗಳು ಟ್ರಿಮ್ಮರಿನಿಂದ ಕೂದಲನ್ನು ತುಸು ಉದ್ದವಾಗಿಯೇ ಉಳಿಸಿ ಕತ್ತರಿಸುವುದೇ ಅವರಿಗೆ ಔಷಧ.

ಮುಖದಲ್ಲಿ ಚಪ್ಪಟೆ ನರುಲಿ ಇದ್ದರೆ ಬ್ಲೇಡು ಎಳೆದ ಗೆರೆಯುದ್ದಕ್ಕೂ ಹೊಸ ನರುಲಿಗಳು ಸಾಲಾಗಿ ಏಳುತ್ತವೆ. ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಬ್ಲೇಡು. ಗುಳ್ಳೆ ಎದ್ದಾಗ ಔಷಧಿ ಅಂಗಡಿಯವನು ಕೊಟ್ಟ ಕ್ರೀಮನ್ನು ಹಚ್ಚುವ ಅಭ್ಯಾಸದ ಬಗ್ಗೆ ನನಗೆ ತೀರಾ ಸಿಟ್ಟಿದೆ. ಅಂಥ ಅನೇಕ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಸೇರಿರುತ್ತದೆ. ಎರಡು ದಿನದಲ್ಲಿ ಕೆಂಪು ಮಾಯವಾಗುತ್ತದೆ, ಮನಸ್ಸಿಗೆ ಸಮಾಧಾನವೂ ಆಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ರಕ್ತನಾಳಗಳು ಎದ್ದು ಕಾಣುತ್ತವೆ. ಅದು ಹುಳುಕಡ್ಡಿಯಾಗಿದ್ದರಂತೂ ಒಳಗೊಳಗೇ ಹರಡುತ್ತದೆ. ಬ್ಲೇಡು ನಿಲ್ಲಿಸಿ, ತಣ್ಣೀರು ಬಟ್ಟೆ ಹಾಕಿ, ವಾರ ಕಾಯಿರಿ. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

ಗೀರಾದರೆ? ಶುದ್ಧವಾದ ಬಟ್ಟೆಯಿಂದ ಗಡಿಯಾರ ನೋಡಿಕೊಂಡು ಐದು ನಿಮಿಷ ಒತ್ತಿ ಹಿಡಿಯಿರಿ. ಅರ್ಧ ನಿಮಿಷಕ್ಕೊಮ್ಮೆ ತೆಗೆದು ನೋಡಿದರೆ ರಕ್ತ ನಿಲ್ಲುವುದಿಲ್ಲ. ಪಟಿಕದ ಕಲ್ಲು ಹಚ್ಚುವುದು ಒಳ್ಳೆಯ ಪದ್ಧತಿ, ಅದು ಸೂಕ್ಷ್ಮ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆದರೆ ಕಲ್ಲು ನಿಮ್ಮದೇ ಆಗಿರಲಿ. ಕ್ಷೌರದಂಗಡಿಯವರು ಈಗ ಗಿರಾಕಿಯ ಕಣ್ಣೆದುರೇ ಹೊಸ ಬ್ಲೇಡು ಬಿಚ್ಚುತ್ತಾರೆ, ಸಂತೋಷ. ಕೊನೆಯಲ್ಲಿ ಊರಿನವರಿಗೆಲ್ಲ ಹಚ್ಚಿದ ಅದೇ ಪಟಿಕದ ಕಲ್ಲನ್ನು ನಿಮ್ಮ ಗೀರಿಗೂ ಉಜ್ಜುತ್ತಾರೆ! ಬೇಡವೆನ್ನಲು ಸಂಕೋಚ ಪಡಬೇಡಿ.

ಮನೆಯೊಳಗೂ ಇದೇ ನಿಯಮ. ಅಪ್ಪ ಮಗ ಒಂದೇ ಸೆಟ್ಟು, ಹಾಸ್ಟೆಲಿನಲ್ಲಿ ಮೂವರು ಗೆಳೆಯರಿಗೆ ಒಂದೇ ಬ್ಲೇಡು — ಇದು ಸಲುಗೆಯಲ್ಲ, ಅಪಾಯ. ಯಕೃತ್ತಿಗೆ ತಗುಲುವ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಸೋಂಕಿದ್ದವರಿಗೆ ಅದು ವರ್ಷಗಟ್ಟಲೆ ಗೊತ್ತೇ ಆಗದಿರಬಹುದು. ದೇಶದ ಎಲ್ಲ ರಾಜ್ಯಗಳ ಮಕ್ಕಳಿಗೂ ಸರ್ಕಾರದ ಕಾರ್ಯಕ್ರಮದಲ್ಲಿ ಇದರ ಲಸಿಕೆ ಸಿಗತೊಡಗಿದ್ದು 2011–12ರ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದ, ಈಗ ಗಡ್ಡ ತೆಗೆಯುವ ವಯಸ್ಸಿನ ಅನೇಕರಿಗೆ ಲಸಿಕೆ ಆಗಿರುವುದಿಲ್ಲ. ವಿಚಾರಿಸಿ ಹಾಕಿಸಿಕೊಳ್ಳಿ, ಬ್ಲೇಡನ್ನಂತೂ ಹಂಚಿಕೊಳ್ಳಬೇಡಿ.

ಶೇವರಿನಿಂದ ಬ್ಲೇಡಿಗೆ ಬಂದವರ ಮನೆಗೆ ಹೊಸದಾಗಿ ಸೇರುವ ಒಂದು ಕಸವೂ ಇದೆ. ಹಳೆಯ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಎಸೆದರೆ ಬೆಳಗ್ಗೆ ಆ ಚೀಲಕ್ಕೆ ಕೈ ಹಾಕುವವರು ಪೌರಕಾರ್ಮಿಕರು. ಬಚ್ಚಲಿನ ಕಿಟಕಿಯ ಮೇಲೆ ಇಟ್ಟರೆ ಮಗುವಿನ ಕೈಗೆ ಸಿಗುತ್ತದೆ, ಇಲ್ಲವೇ ಯಾರೋ ಅದರಲ್ಲೇ ಉಗುರು ಕತ್ತರಿಸುತ್ತಾರೆ. ಬಿಗಿ ಮುಚ್ಚಳದ ತಗಡಿನ ಡಬ್ಬಿಯೊಂದರ ಮುಚ್ಚಳದಲ್ಲಿ ಸೀಳು ಮಾಡಿ, ಬಳಸಿದ ಬ್ಲೇಡುಗಳನ್ನೆಲ್ಲ ಅದರೊಳಗೆ ಹಾಕುತ್ತ ಹೋಗಿ. ವರ್ಷಗಟ್ಟಲೆ ಬರುತ್ತದೆ. ತುಂಬಿದ ಮೇಲೆ ಸೀಳಿಗೆ ಟೇಪು ಸುತ್ತಿ, ಮೇಲೆ ದೊಡ್ಡ ಅಕ್ಷರದಲ್ಲಿ "ಬ್ಲೇಡು" ಎಂದು ಬರೆದು, ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸದೆ, ಗಾಡಿ ಬಂದಾಗ ಹೇಳಿ ಕೈಗೆ ಕೊಡಿ.