ಗ್ರೀನ್‌ಲ್ಯಾಂಡಿನ ಹಿಮ, ಹರಪನಹಳ್ಳಿಯ ಮುಂಗಾರು

ಧ್ರುವದ ಹಿಮ ಕರಗಿದರೆ ಕಡಲು ಉಕ್ಕುತ್ತದೆ, ಆತಂಕವಿರುವುದು ಉಳ್ಳಾಲ, ಮಂಗಳೂರಿನ ದಂಡೆಗೆ. ಒಳನಾಡಿನ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರಿಗೆ ಅದರಿಂದೇನು ಎಂಬ ಮಾತಿದೆ. ಕಡಲು ಇಲ್ಲಿಗೆ ಬರುವುದಿಲ್ಲ, ನಿಜ. ಆದರೆ ಮಳೆ ಬರುವುದು ಕಡಲಿನಿಂದಲೇ. ಉಪಗ್ರಹಗಳ ಅಳತೆಯಂತೆ ಗ್ರೀನ್‌ಲ್ಯಾಂಡ್ 2002ರಿಂದೀಚೆಗೆ ವರ್ಷಕ್ಕೆ ಸರಾಸರಿ ಸುಮಾರು 27,000 ಕೋಟಿ ಟನ್ ಹಿಮ ಕಳೆದುಕೊಂಡಿದೆ. ಅದೆಲ್ಲ ಸಿಹಿನೀರು. ಅಲ್ಲಿನ ಕಡಲಿನ ಉಪ್ಪುನೀರು ತಣ್ಣಗಾದಾಗ ಭಾರವಾಗಿ ತಳಕ್ಕಿಳಿಯುತ್ತದೆ. ಆ ಜಾಗ ತುಂಬಲು ದಕ್ಷಿಣದ ಬೆಚ್ಚಗಿನ ನೀರು ಉತ್ತರಕ್ಕೆ ಹರಿಯುತ್ತದೆ. ಅಟ್ಲಾಂಟಿಕ್‌ನ ಈ ಬೃಹತ್ ಪ್ರವಾಹದ ಮೇಲೆ ಹಗುರವಾದ ಸಿಹಿನೀರು ಹರಡಿಕೊಂಡರೆ ಮುಳುಗುವ ಕ್ರಿಯೆ ಕುಂಠಿತವಾಗುತ್ತದೆ, ಶಾಖದ ಸಾಗಣೆ ತಗ್ಗುತ್ತದೆ. ಉತ್ತರಾರ್ಧಗೋಳಕ್ಕೆ ಸಿಗುವ ಶಾಖ ಕಡಿಮೆಯಾದಂತೆ ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ, ಮುಂಗಾರು ಸೊರಗುತ್ತದೆ. ಇದು ಬರೀ ಊಹೆಯಲ್ಲ. ಸುಮಾರು 12,900 ವರ್ಷಗಳ ಹಿಂದೆ ಈ ಪ್ರವಾಹ ದುರ್ಬಲಗೊಂಡ ಕಾಲದಲ್ಲಿ ಏಷ್ಯಾದ ಮುಂಗಾರೂ ಕ್ಷೀಣಿಸಿತ್ತೆಂಬುದಕ್ಕೆ ಗುಹೆಗಳ ಸುಣ್ಣದ ಕಂಬಗಳಲ್ಲಿ, ಅರಬ್ಬಿ ಸಮುದ್ರದ ತಳದ ಕೆಸರಿನಲ್ಲಿ ಗುರುತುಗಳಿವೆ.

ಇದಕ್ಕೆ ಆಕ್ಷೇಪಗಳಿವೆ, ಅವು ತಳ್ಳಿಹಾಕುವಂಥವಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾದ 2023ರಲ್ಲಿ ಎದ್ದು ಕಂಡ ಕಾರಣ ಪೆಸಿಫಿಕ್‌ನ ಎಲ್ ನಿನೊ, ಗ್ರೀನ್‌ಲ್ಯಾಂಡ್ ಅಲ್ಲ. ಅಟ್ಲಾಂಟಿಕ್ ಪ್ರವಾಹ ಈ ಶತಮಾನದಲ್ಲಿ ದುರ್ಬಲವಾಗುವುದು ಬಹುತೇಕ ಖಚಿತವಾದರೂ, 2100ಕ್ಕೆ ಮುನ್ನ ಹಠಾತ್ ಕುಸಿಯುವ ಸಂಭವ ಕಡಿಮೆಯೆಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಲ್ಲಿ ಹೇಳಿತು. ಬಿಸಿಯಾದ ಗಾಳಿ ಹೆಚ್ಚು ತೇವಾಂಶ ಹೊರುವುದರಿಂದ ಮುಂಗಾರಿನ ಒಟ್ಟು ಮಳೆ ಹೆಚ್ಚೀತು ಎಂಬ ಅಂದಾಜೂ ಇದೆ. ಆದರೆ ಐಪಿಸಿಸಿ ನೆಚ್ಚಿದ ಮಾದರಿಗಳಲ್ಲಿ ಹೆಚ್ಚಿನವು ಗ್ರೀನ್‌ಲ್ಯಾಂಡಿನ ಕರಗುನೀರನ್ನು ಪೂರ್ತಿಯಾಗಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಖುಷ್ಕಿ ಬೇಸಾಯಗಾರನಿಗೆ ವರ್ಷದ ಸರಾಸರಿ ಮಳೆಯಿಂದ ಹೊಟ್ಟೆ ತುಂಬುವುದಿಲ್ಲ. ಮೆಕ್ಕೆಜೋಳ ಸೂಲಂಗಿ ಒಡೆಯುವ ಹೊತ್ತಿಗೆ ಎರಡು ವಾರ ಮಳೆ ಕೈಕೊಟ್ಟರೆ, ಸಿಪ್ಪೆ ಸುಲಿದಾಗ ಕಾಣುವುದು ಅಲ್ಲೊಂದು ಇಲ್ಲೊಂದು ಕಾಳು ಕಟ್ಟಿದ ಬೆಂಡು. ಆಮೇಲೆ ಒಂದೇ ರಾತ್ರಿ ಸುರಿದು ಸರಾಸರಿ ಸರಿಹೋದರೂ ಆ ತೆನೆ ತುಂಬದು. ಬೆಚ್ಚನೆಯ ಗಾಳಿ ಮಳೆಯನ್ನು ಒಂದು ಕಡೆಗೆ ಎಳೆದು, ದುರ್ಬಲ ಪ್ರವಾಹ ಇನ್ನೊಂದು ಕಡೆಗೆ ಎಳೆದರೆ ಪೆಟ್ಟು ಬೀಳುವುದು ಮಳೆಯ ಹದಕ್ಕೆ.

ಹಾಗಾಗಿ ಅನಿಶ್ಚಿತತೆ ಕೈಕಟ್ಟಿ ಕೂರಲು ನೆಪವಾಗಬಾರದು. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಬೇಕಾದದ್ದೇ. ಆದರೆ ಆ ನದಿ ತುಂಬುವುದೂ ಪಶ್ಚಿಮ ಘಟ್ಟಕ್ಕೆ ಬೀಳುವ ಅದೇ ಮುಂಗಾರಿನಿಂದ. 133 ಟಿಎಂಸಿ ಅಡಿಯ ತುಂಗಭದ್ರಾ ಜಲಾಶಯ ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. ನದಿಯೊಂದನ್ನೇ ನೆಚ್ಚಿದರೆ ಬರ ಬಂದ ವರ್ಷ ಪೈಪೂ ಒಣಗುತ್ತದೆ. ಊರ ಕೆರೆಯ ಹೂಳೆತ್ತಿ, ನೀರು ಬರುವ ಹಳ್ಳದ ಒತ್ತುವರಿ ಬಿಡಿಸಿ, ಮೆಕ್ಕೆಜೋಳದ ಜತೆ ನವಣೆ, ಸಜ್ಜೆ, ಜೋಳಕ್ಕೂ ಖಾತರಿ ಬೆಲೆಯ ಖರೀದಿ ಒದಗಿಸುವುದು ನಮ್ಮ ಕೈಯಲ್ಲಿರುವ ಕೆಲಸ. ಗ್ರೀನ್‌ಲ್ಯಾಂಡಿನ ಹಿಮವನ್ನು ಹರಪನಹಳ್ಳಿ ತಡೆಯಲಾರದು. ಬಿದ್ದ ಮಳೆಯನ್ನು ತಡೆದು ನಿಲ್ಲಿಸಬಲ್ಲದು. ಮುಂದಿನ ಬಜೆಟ್ಟಿನಲ್ಲಿ ಇದಕ್ಕೆಷ್ಟು ಹಣ ಇಡಿಸುತ್ತೀರಿ ಎಂದು ಈ ಮೂರು ತಾಲ್ಲೂಕುಗಳ ಮತದಾರರು ತಮ್ಮ ಶಾಸಕರನ್ನು ಕೇಳಬೇಕು.