ಗೊತ್ತಿಲ್ಲದ ನಂಬರ್ ಎತ್ತಬೇಡಿ ಅನ್ನುವವರಿಗೆ

ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತಲೇಬೇಡಿ ಎಂದು ಉಪದೇಶ ಮಾಡುವವರಿಗೆ ಹುಟ್ಟಿದೂರಲ್ಲೇ ಸ್ವಂತ ಮನೆ, ಕಾಯಂ ನೌಕರಿ ಇರಬೇಕು. ಊರು ಬಿಟ್ಟು ಮುಂಬೈಗೆ ಬಂದವರ ಬದುಕು ನಡೆಯುವುದೇ ಗೊತ್ತಿಲ್ಲದ ನಂಬರುಗಳಿಂದ. ಇಂಟರ್‌ವ್ಯೂಗೆ ಕರೆಯುವ ಎಚ್‌ಆರ್, ಖೋಲಿ ತೋರಿಸುವ ಏಜೆಂಟ್, ಗೇಟಿನ ಹತ್ತಿರ ನಿಂತ ಕೊರಿಯರ್ ಹುಡುಗ, ಊರಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರೆ ತನ್ನ ಫೋನಿನಿಂದ ಸುದ್ದಿ ಮುಟ್ಟಿಸುವ ಪಕ್ಕದ ಮನೆಯ ಹುಡುಗ. ಇವರಲ್ಲಿ ಯಾರ ಹೆಸರೂ ನಮ್ಮ ಪರದೆಯ ಮೇಲೆ ಮೂಡುವುದಿಲ್ಲ. ಎತ್ತದೆ ಇರುವ ಸುಖ ನಮಗಿಲ್ಲ.

ಹಾಗಾದರೆ ಜವಾಬ್ದಾರಿ ಯಾರದು? ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಫೋರ್ಟಿಗೆ ಹೋದರೆ ಸಾಕು. ಶಹೀದ್ ಭಗತ್ ಸಿಂಗ್ ರಸ್ತೆಯಲ್ಲಿ ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿ ಇದೆ. 2025ರ ಜನವರಿ 17ರಂದು ಅದು ಬ್ಯಾಂಕುಗಳಿಗೆ ಒಂದು ಸುತ್ತೋಲೆ ಕಳಿಸಿತು. ಖಾತೆ, ವ್ಯವಹಾರದ ವಿಷಯಕ್ಕೆ ಗ್ರಾಹಕರಿಗೆ ಫೋನ್ ಮಾಡುವುದಿದ್ದರೆ 1600ರಿಂದ ಶುರುವಾಗುವ ನಂಬರಿನಿಂದಲೇ ಮಾಡಬೇಕು. ಸಾಲ, ಕಾರ್ಡ್ ಮಾರುವುದಿದ್ದರೆ 140ರಿಂದ. ಗಡುವು ಮಾರ್ಚ್ 31. ಅದು ದಾಟಿ ತಿಂಗಳುಗಳೇ ಕಳೆದವು. ಕೊನೆಗೆ ಟ್ರಾಯ್ ಮತ್ತೆ ಕೈಹಾಕಿ, ವಾಣಿಜ್ಯ ಬ್ಯಾಂಕುಗಳು 2026ರ ಜನವರಿ 1ರೊಳಗೆ 1600ಕ್ಕೆ ಬದಲಾಗಬೇಕು ಎಂದು ಹೊಸ ಗಡುವು ಹಾಕಬೇಕಾಯಿತು. ಇದೇ ನಾವು ಇಎಂಐ ಕಟ್ಟಲು ಒಂದು ದಿನ ತಡ ಮಾಡಿದ್ದರೆ?

ಈ ನಿಯಮ ನಿಜವಾಗಿ ಉಪಯೋಗದ್ದು. ಬ್ಯಾಂಕಿನಿಂದ ಮಾತಾಡ್ತಿದ್ದೇವೆ ಎನ್ನುವವರ ನಂಬರು 6, 7, 8 ಅಥವಾ 9ರಿಂದ ಶುರುವಾಗುವ ಮಾಮೂಲಿ ಮೊಬೈಲಿನದಾಗಿದ್ದರೆ, ಅವರು ಒಂದೋ ಕಳ್ಳರು, ಇಲ್ಲವೇ ನಿಯಮ ಮುರಿದವರು. ಎರಡರಲ್ಲಿ ಯಾವುದಾದರೂ ಫೋನ್ ಇಟ್ಟುಬಿಡಬಹುದು. (1600 ಕಂಡರೂ ಒಟಿಪಿ ಹೇಳಬೇಡಿ.) ಇಷ್ಟು ಸರಳ ಮಾತನ್ನು ಊರಲ್ಲಿರುವ ನಮ್ಮ ಅಮ್ಮನಿಗೆ ಕನ್ನಡದಲ್ಲಿ ಯಾವ ಬ್ಯಾಂಕು ಹೇಳಿದೆ? ಅದರ ಬದಲು ತಿಂಗಳುಗಟ್ಟಲೆ ಕರೆಗಳಿಗೆ ಮುಂಚೆ ಅಮಿತಾಭ್ ಬಚ್ಚನ್ ದನಿಯಲ್ಲಿ ಪಾಠ ಕೇಳಿಸಿದರು. ಆಂಬುಲೆನ್ಸ್ ಬೇಕಾದವನೂ ಆ ಪಾಠ ಮುಗಿಯುವವರೆಗೆ ಕಾಯುವ ಗತಿ!

ಸಾಲ ಮಾರುವವರದು ಕಿರಿಕಿರಿ ಅಷ್ಟೇ. ಭಯ ಮಾರುವವರದು ಬೇರೆ ಕತೆ, ಮತ್ತು ಆ ಕತೆಯಲ್ಲಿ ನಮ್ಮ ಈ ಊರಿನ ಹೆಸರೇ ಬಂಡವಾಳ. ನಿಮ್ಮ ಹೆಸರಿನ ಪಾರ್ಸೆಲ್ ಮುಂಬೈ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ, ಅದರಲ್ಲಿ ಡ್ರಗ್ಸ್ ಇದೆ, ಮುಂಬೈ ಪೊಲೀಸರು ಮಾತಾಡ್ತಾರೆ, ವಿಡಿಯೊ ಆಫ್ ಮಾಡಬೇಡಿ. ಬೆಂಗಳೂರಿನ ಐಟಿಯವರೇ ಇದಕ್ಕೆ ಬಲಿಯಾದರು. ಹಾಗಿರುವಾಗ ಮಗಳು ಮುಂಬೈಯಲ್ಲಿ ಓದುತ್ತಿರುವ ಮುದ್ದೇಬಿಹಾಳದ ಅಥವಾ ಕುಂದಾಪುರದ ತಂದೆಗೆ 'ನಿಮ್ಮ ಮಗಳನ್ನು ಹಿಡಿದಿದ್ದೇವೆ' ಅಂದರೆ ಎದೆ ಏನಾಗಬೇಡ? 'ಡಿಜಿಟಲ್ ಅರೆಸ್ಟ್' ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ ಎಂಬುದನ್ನು ಈ ವಾರವೇ ಮನೆಗೆ ಫೋನ್ ಮಾಡಿ ಹೇಳಿ. ಅಂಥ ಕರೆ ಬಂದರೆ ಮೊದಲು ಇಟ್ಟು, ನಿಮಗೆ ಮಾಡಲಿ. ನೀವು ಎತ್ತದಿದ್ದರೆ ಮಾಡಲು ಗೆಳೆಯರೊಬ್ಬರ ನಂಬರನ್ನೂ ಕೊಟ್ಟಿಡಿ.

ಮೋಸ ಹೋದವರನ್ನು ದಡ್ಡರು, ಆಸೆಬುರುಕರು ಎಂದು ನಗುವವರ ಮೇಲೆ ನನಗೆ ಸಿಟ್ಟಿದೆ. ಆ ನಗು ಬ್ಯಾಂಕುಗಳಿಗೆ ಬಹಳ ಅನುಕೂಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ನೋಡಿ: ಒಟಿಪಿ, ಪಿನ್ ಹೇಳಿಬಿಟ್ಟರೆ ಅದು ಗ್ರಾಹಕರ ಅಜಾಗರೂಕತೆ; ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ, ತಿಳಿಸಿದ ಮೇಲಿನದು ಮಾತ್ರ ಬ್ಯಾಂಕಿನದು. ಹೆದರಿಸಿ ಕಿತ್ತುಕೊಂಡದ್ದಕ್ಕೂ ಹೆಸರು ಅಜಾಗರೂಕತೆ! ಹಾಗಾಗಿ ದುಡ್ಡು ಹೋದರೆ ಅಳುವುದಕ್ಕಿಂತ ಮುಂಚೆ ಬ್ಯಾಂಕಿಗೂ 1930ಕ್ಕೂ ಫೋನ್ ಮಾಡಿ. ಹೋಗಿಲ್ಲ, ಪ್ರಯತ್ನ ಮಾತ್ರ ನಡೆದಿದೆ ಎಂದಾದರೆ ಸಂಚಾರ್ ಸಾಥಿಯ 'ಚಕ್ಷು'ವಿನಲ್ಲಿ ಬರೆಯಿರಿ.

ಟ್ರೂಕಾಲರ್ ಇದೆಯಲ್ಲ ಅನ್ನಬಹುದು. ಅದು ಬಹುಮಟ್ಟಿಗೆ ಜನ ಕೊಟ್ಟ ಹೆಸರುಗಳ, ಜನ ಹಚ್ಚಿದ ಕೆಂಪು ಬಣ್ಣದ ಪಟ್ಟಿ. ದಿನಕ್ಕೆ ನೂರು ಕರೆ ಮಾಡುವ ಪಾಪದ ಡೆಲಿವರಿ ಹುಡುಗನೂ ಅಲ್ಲಿ ಕೆಂಪಾಗಬಹುದು. ಮೋಸಗಾರ 'ಪೊಲೀಸ್' ಎಂದು ಬರೆಸಿಕೊಂಡಿರಲೂಬಹುದು.

ಇನ್ನು 1909. ಕರೆ ಬೇಡ ಎನ್ನುವವರ ರಾಷ್ಟ್ರೀಯ ಪಟ್ಟಿ ಬಂದದ್ದು 2007ರಲ್ಲಿ. ಇಷ್ಟು ವರ್ಷ ಆ ಪಟ್ಟಿ ಸೇರದವನು ದೂರು ಕೊಡುವಂತೆಯೇ ಇರಲಿಲ್ಲ. 2025ರ ಫೆಬ್ರವರಿಯ ತಿದ್ದುಪಡಿ ಅದನ್ನು ತೆಗೆದುಹಾಕಿತು. ಮೂರು ದಿನವಿದ್ದ ದೂರಿನ ಅವಧಿ ಏಳಾಯಿತು, ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಆ ನಂಬರಿನ ಮೇಲೆ ಕ್ರಮ. ಹತ್ತು ಜನ ಇರುವ ಪಿಜಿಯಲ್ಲಿ ಒಂದೇ ನಂಬರಿನಿಂದ ಎಲ್ಲರಿಗೂ ಕರೆ ಬಂದಿದ್ದರೆ ಐದು ದೂರು ಕಷ್ಟವೇ?

ಜೊತೆಗೆ ನಿಮ್ಮ ಬ್ಯಾಂಕಿನ ಹೆಸರಲ್ಲಿ ಮೊಬೈಲ್ ನಂಬರಿನಿಂದ ಕರೆ ಬಂದಾಗ ತಾರೀಕು, ಸಮಯ ಬರೆದು ಬ್ಯಾಂಕಿಗೆ ಲಿಖಿತ ದೂರು ಕೊಡಿ: ಇದು ನಿಮ್ಮದೇ, ಅಲ್ಲವೇ, ನಿಮ್ಮ 1600ರ ನಂಬರುಗಳು ಯಾವುವು? ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ದುಡ್ಡು ಖರ್ಚಿಲ್ಲ.